ಜೆಡಿಎಸ್: 58ರಿಂದ 19ಕ್ಕೆ ಬಂದಿದ್ದು ಹೇಗೆ? ಆ ಮತ ಈಗ ಎಲ್ಲಿದೆ?

ಶಿಂಷಾ ತೀರ (ಮದ್ದೂರು)

ಜೆಡಿಎಸ್ ಕಥೆ ಮುಗಿಯಿತು ಅನ್ನೋ ಮಾತನ್ನು ಇಪ್ಪತ್ತೈದು ವರ್ಷದಿಂದ ಕೇಳುತ್ತಲೇ ಇದ್ದೇವೆ. ಈ ಸಲ ಆ ಮಾತು ಎಷ್ಟು ನಿಜ ಅಂತ ಸ್ವಲ್ಪ ಗಂಭೀರವಾಗಿ ಮಾತಾಡೋಣ ಅನ್ನಿಸಿತು. ಪಕ್ಷವನ್ನು ಬೈಯೋದಕ್ಕಲ್ಲ, ಹೊಗಳೋದಕ್ಕೂ ಅಲ್ಲ. ನಮ್ಮ ಮನೆಯಲ್ಲಿ ಮೂರು ತಲೆಮಾರು ಈ ಪಕ್ಷದ ಹಿಂದೆ ನಿಂತಿದೆ. ಅದಕ್ಕೇ ಕೇಳುತ್ತಿದ್ದೇನೆ.

ಮೊದಲು ಲೆಕ್ಕ ನೋಡಿ. ಜನತಾದಳ ಒಡೆದು ಜೆಡಿಎಸ್ ಆದ 1999ರಲ್ಲಿ ಗೆದ್ದಿದ್ದು 10 ಸೀಟು. 2004ರಲ್ಲಿ 58. 2008ರಲ್ಲಿ 28, 2013ರಲ್ಲಿ 40, 2018ರಲ್ಲಿ 37. 2023ರಲ್ಲಿ 19. ಸೀಟು ನೋಡಿದರೆ ಏರಿಳಿತ ಜಾಸ್ತಿ. ಆದರೆ ಮತ ಪ್ರಮಾಣ ನೋಡಿ: 2004ರಿಂದ 2018ರವರೆಗೆ ನಾಲ್ಕು ಚುನಾವಣೆಯಲ್ಲೂ ಶೇ. 18ರಿಂದ 21ರ ಒಳಗೇ ಇದೆ. ನೂರಕ್ಕೆ ಹದಿನೆಂಟು ಇಪ್ಪತ್ತು ಜನ ಏನೇ ಆದರೂ ಪಕ್ಷದ ಗುರುತಾದ ತೆನೆಗೇ ಒತ್ತುತ್ತಿದ್ದರು. 2023ರಲ್ಲಿ ಅದು ಸುಮಾರು 13ಕ್ಕೆ ಕುಸಿಯಿತು. ಅಂದರೆ ಪೆಟ್ಟು ಬಿದ್ದಿದ್ದು 2018ರ ನಂತರ.

ನನ್ನ ಅಭಿಪ್ರಾಯ ಇಷ್ಟು. 2018ರಲ್ಲಿ ಕಾಂಗ್ರೆಸ್ ಜೊತೆ ಸರ್ಕಾರ ಮಾಡಿದ್ದೇ ಬುಡಕ್ಕೆ ಏಟು ಕೊಟ್ಟಿತು. ಆ ಸಲ ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಸೀಟು ಕೊಟ್ಟವರು ನಾವು. ಕೊಟ್ಟಿದ್ದು ಯಾರ ವಿರುದ್ಧ? ಕಾಂಗ್ರೆಸ್ ವಿರುದ್ಧ. ನಮ್ಮ ಕಡೆ ಬಿಜೆಪಿ ಆಗ ಲೆಕ್ಕದಲ್ಲೇ ಇರಲಿಲ್ಲ. ಹಳ್ಳಿಯಲ್ಲಿ ಕೈ ಮತ್ತು ತೆನೆ ಅಂದರೆ ವಿಧಾನಸಭೆ ಚುನಾವಣೆ ಒಂದೇ ಅಲ್ಲ. ಡೇರಿ ಚುನಾವಣೆ, ಸೊಸೈಟಿ ಚುನಾವಣೆ, ಗ್ರಾಮ ಪಂಚಾಯ್ತಿ, ಊರ ಹಬ್ಬದಲ್ಲಿ ಯಾರು ಮುಂದೆ ನಿಲ್ಲಬೇಕು ಅನ್ನೋವರೆಗೂ ಅದೇ ಜಿದ್ದು. ನಮ್ಮೂರ ಡೇರಿಯಲ್ಲಿ ಬೆಳಿಗ್ಗೆ ಹಾಲು ಹಾಕೋಕೆ ಬಂದಾಗಲೂ ಎರಡು ಕಡೆಯವರು ಕ್ಯಾನ್ ಹಿಡಿದು ಬೇರೆ ಬೇರೆ ಗುಂಪಾಗಿಯೇ ನಿಲ್ಲುತ್ತಾರೆ. ಅಂಥವರನ್ನು 2019ರ ಲೋಕಸಭೆಯಲ್ಲಿ ಒಂದೇ ಪ್ರಚಾರದ ಗಾಡಿಗೆ ಹತ್ತಿಸಿದರು. ಕೈ ಕಡೆಯವರು ಗಾಡಿಯಲ್ಲಿ ತೆನೆ ಬಾವುಟ ಹಿಡಿದುಕೊಂಡು ಬಂದರು. ಮತ ಮಾತ್ರ ಪಕ್ಷೇತರರಾಗಿ ನಿಂತಿದ್ದ ಸುಮಲತಾ ಅವರಿಗೆ ಹಾಕಿದರು. ನಮ್ಮ ಅಭ್ಯರ್ಥಿ, ಕುಮಾರಸ್ವಾಮಿ ಅವರ ಮಗ ನಿಖಿಲ್ 1.25 ಲಕ್ಷಕ್ಕೂ ಹೆಚ್ಚು ಮತದಲ್ಲಿ ಸೋತರು.

ನಿಮ್ಮ ಕಡೆ ಹೇಗಿತ್ತು ಹೇಳಿ.

ಕುಕ್ಕರಹಳ್ಳಿ ಕೆರೆ (ಮೈಸೂರು)

ಶಿಂಷಾ ಅವರೇ, ಮತ ಪ್ರಮಾಣದ ಲೆಕ್ಕ ಒಪ್ಪುತ್ತೇನೆ. ಆದರೆ ಬಿರುಕು ನೀವು ಹೇಳೋದಕ್ಕಿಂತ ಬಹಳ ಹಳೆಯದು. 2004ರ 58 ಸೀಟು ದೇವೇಗೌಡರು ಒಬ್ಬರಿಂದಲೇ ಬಂದಿದ್ದಲ್ಲ. ಆಗ ಸಿದ್ದರಾಮಯ್ಯ ಇದ್ದರು, ಎಂ.ಪಿ. ಪ್ರಕಾಶ್ ಇದ್ದರು, ಪಿ.ಜಿ.ಆರ್. ಸಿಂಧ್ಯ ಇದ್ದರು. ಹಡಗಲಿ ಕಡೆಯ ಲಿಂಗಾಯತರು, ಮೈಸೂರು ಕಡೆಯ ಕುರುಬರು, ಹಳೇ ಜನತಾ ಪರಿವಾರದ ಓದಿಕೊಂಡ ಜನ, ಎಲ್ಲರಿಗೂ ಅಲ್ಲಿ ತಮ್ಮವರು ಅಂತ ಒಬ್ಬರಿದ್ದರು.

2005ರಲ್ಲಿ ಸಿದ್ದರಾಮಯ್ಯ ಅವರನ್ನು ಹೊರಗೆ ಹಾಕಿದರು. 2006ರ ಡಿಸೆಂಬರ್‌ನಲ್ಲಿ ಚಾಮುಂಡೇಶ್ವರಿ ಉಪಚುನಾವಣೆ. ಆಗ ಸರ್ಕಾರ ಜೆಡಿಎಸ್-ಬಿಜೆಪಿಯದು. ಇಡೀ ಸರ್ಕಾರವೇ ಬಂದು ಮೈಸೂರಿನಲ್ಲಿ ಕೂತಿತ್ತು. ಸಿದ್ದರಾಮಯ್ಯ 257 ಮತದಲ್ಲಿ ಗೆದ್ದರು. ನನ್ನ ಪ್ರಕಾರ ಅವತ್ತೇ ಪಕ್ಷದ ಮುಂದಿನ ಇಪ್ಪತ್ತು ವರ್ಷ ತೀರ್ಮಾನವಾಯಿತು. ಅಲ್ಲಿಂದಾಚೆಗೆ ಒಕ್ಕಲಿಗರ ಪಕ್ಷ ಅನ್ನೋ ಹಣೆಪಟ್ಟಿ ಬಿತ್ತು, ಅದನ್ನು ಕಿತ್ತುಹಾಕೋಕೆ ಆಗಲೇ ಇಲ್ಲ. 2018ರಲ್ಲಿ ಅದೇ ಚಾಮುಂಡೇಶ್ವರಿಯಲ್ಲಿ ಜಿ.ಟಿ. ದೇವೇಗೌಡರು ಸಿದ್ದರಾಮಯ್ಯ ಅವರನ್ನು 36 ಸಾವಿರ ಮತದಿಂದ ಸೋಲಿಸಿದ್ದು ನಿಜ. ಒಂದು ಕ್ಷೇತ್ರದಲ್ಲಿ ಸೇಡು ತೀರಿತು, ಹೋದ ಸಮುದಾಯ ವಾಪಸ್ ಬರಲಿಲ್ಲ.

ಇನ್ನೊಂದು ಮಾತು. 2007ರಲ್ಲಿ 20 ತಿಂಗಳ ಒಪ್ಪಂದದ ಪ್ರಕಾರ ಯಡಿಯೂರಪ್ಪ ಅವರಿಗೆ ಅಧಿಕಾರ ಬಿಟ್ಟುಕೊಡುವಾಗ ಆದ ಎಳೆದಾಟ ನೆನಪಿದೆ ತಾನೇ? ನವೆಂಬರ್ 12ಕ್ಕೆ ಪ್ರಮಾಣವಚನ, ಒಂದು ವಾರಕ್ಕೆ ರಾಜೀನಾಮೆ. 2008ರಲ್ಲಿ ಬಿಜೆಪಿ 110 ತಂದಿದ್ದು ಆ ಸಿಟ್ಟಿನ ಮೇಲೆ. ಉತ್ತರ ಕರ್ನಾಟಕದ ಲಿಂಗಾಯತ ಮತ ಅವತ್ತು ಜೆಡಿಎಸ್‌ಗೆ ಬಾಗಿಲು ಮುಚ್ಚಿತು.

ಎಡದಂಡೆ ಕಾಲುವೆ (ರಾಯಚೂರು)

ಮೈಸೂರಿನ ಸರ್ ಹೇಳಿದ್ದರಲ್ಲಿ ಕೊನೆಯ ಮಾತು ಪೂರ್ತಿ ಸರಿಯಲ್ಲ. ನಮ್ಮ ಕಡೆ ಬಾಗಿಲು ಮುಚ್ಚಿಲ್ಲ. 2018ರಲ್ಲಿ ಬೀದರ್ ದಕ್ಷಿಣ, ಗುರುಮಠಕಲ್, ಮಾನ್ವಿ, ಸಿಂಧನೂರು, ನಾಗಠಾಣ, ಸಿಂದಗಿ, ಈ ಆರು ಕಡೆ ತೆನೆ ಗೆದ್ದಿತ್ತು. 2023ರ ಅಂಥ ಹೊಡೆತದಲ್ಲೂ ದೇವದುರ್ಗ, ಗುರುಮಠಕಲ್, ಹಗರಿಬೊಮ್ಮನಹಳ್ಳಿ, ದೇವರ ಹಿಪ್ಪರಗಿ ಬಂದವು. ಅದೇ ವರ್ಷ ಮಂಡ್ಯದಲ್ಲಿ ಏಳು ಇದ್ದದ್ದು ಒಂದಕ್ಕೆ ಬಂತು, ಕೆ.ಆರ್. ಪೇಟೆ ಮಾತ್ರ. ಹಾಗಾದರೆ ಜಾಸ್ತಿ ಕಳೆದುಕೊಂಡಿದ್ದು ಎಲ್ಲಿ, ನೀವೇ ಹೇಳಿ.

ಆದರೆ ನಮ್ಮಲ್ಲಿ ಗೆಲ್ಲೋದು ಹೇಗೆ ಅಂತ ಬಿಡಿಸಿ ಹೇಳಬೇಕು. ದೇವದುರ್ಗದಲ್ಲಿ ಕರೆಮ್ಮ ನಾಯಕ ಹಿಂದೆ ಸೋತರೂ ಕ್ಷೇತ್ರ ಬಿಡದೆ ಹಳ್ಳಿ ಹಳ್ಳಿ ಸುತ್ತಿದವರು. ಗುರುಮಠಕಲ್‌ನಲ್ಲಿ ನಾಗನಗೌಡ ಕಂದಕೂರ ಅವರ ಹೆಸರು, ಅವರ ನಂತರ ಮಗ ಶರಣಗೌಡ ನಿಂತು ಗೆದ್ದರು. ಹಗರಿಬೊಮ್ಮನಹಳ್ಳಿಯಲ್ಲಿ ನೇಮಿರಾಜ ನಾಯ್ಕ ಬಿಜೆಪಿಯಿಂದ ಬಂದು ತೆನೆ ಹಿಡಿದವರು. ಇಲ್ಲಿ ಪಕ್ಷ ಆಮೇಲೆ, ಮನುಷ್ಯ ಮೊದಲು. ಬೇರೆ ಪಕ್ಷದಲ್ಲಿ ಟಿಕೆಟ್ ತಪ್ಪಿದ ಗಟ್ಟಿ ಆಳಿಗೆ ಕೊನೇ ಗಳಿಗೆಯಲ್ಲಿ ಬಿ ಫಾರಂ ಕೊಡೋ ಪಕ್ಷ ಅಂತ ಜೆಡಿಎಸ್‌ಗೆ ನಮ್ಮ ಕಡೆ ಹೆಸರು. ಅದರಿಂದ ಸೀಟು ಬರುತ್ತದೆ, ಸಂಘಟನೆ ಬರಲ್ಲ. ಆ ಮನುಷ್ಯ ಹೋದ ದಿನ ಬೂತ್ ಏಜೆಂಟೂ ಸಿಗಲ್ಲ. ಮಾನ್ವಿ, ಸಿಂಧನೂರು 2023ರಲ್ಲಿ ಕೈತಪ್ಪಿದ್ದು ನೋಡಿದವರಿಗೆ ಇದು ಗೊತ್ತು.

ನಾಯಂಡಹಳ್ಳಿ ಜಂಕ್ಷನ್ (ಬೆಂಗಳೂರು)

ಬೆಂಗಳೂರಿನ ಲೆಕ್ಕ ಚಿಕ್ಕದು, ಹೇಳಿಬಿಡುತ್ತೇನೆ. 2013ರಲ್ಲಿ ನಗರದಲ್ಲಿ ಮೂರು: ಚಾಮರಾಜಪೇಟೆ, ಪುಲಕೇಶಿನಗರ, ಮಹಾಲಕ್ಷ್ಮಿ ಲೇಔಟ್. 2018ರಲ್ಲಿ ಎರಡು: ದಾಸರಹಳ್ಳಿ, ಮಹಾಲಕ್ಷ್ಮಿ ಲೇಔಟ್. 2023ರಲ್ಲಿ ಸೊನ್ನೆ. ಆ ಮೂರರಲ್ಲಿ ಗೆದ್ದ ಜಮೀರ್ ಅಹ್ಮದ್, ಅಖಂಡ ಶ್ರೀನಿವಾಸಮೂರ್ತಿ ಕಾಂಗ್ರೆಸ್‌ಗೆ ಹೋದರು, ಗೋಪಾಲಯ್ಯ ಬಿಜೆಪಿಗೆ ಹೋದರು. ಸೀಟೂ ಅವರ ಜೊತೆಗೇ ಹೋಯಿತು. ರಾಯಚೂರಿನವರು ಹೇಳಿದ ರೋಗ ಇಲ್ಲೂ ಅದೇ.

ಮಲೆನಾಡ ಅಂಚು (ಹಾಸನ)

ನಾನು ಹಾಸನದ ಹೆಣ್ಣುಮಗಳು. ಇಲ್ಲಿ ಎಲ್ಲರೂ ಸೀಟು, ಸಮುದಾಯ ಅಂತ ಮಾತಾಡುತ್ತಿದ್ದೀರಿ. ಮನೆತನದ ಮಾತು ಯಾರೂ ನೇರವಾಗಿ ಎತ್ತಲಿಲ್ಲ, ಆದ್ದರಿಂದ ನಾನು ಎತ್ತುತ್ತೇನೆ.

2019ರಲ್ಲಿ ಮೈತ್ರಿಯಲ್ಲಿ ಜೆಡಿಎಸ್ ಸ್ಪರ್ಧಿಸಿದ್ದು ಏಳು ಲೋಕಸಭಾ ಕ್ಷೇತ್ರ. ಅದರಲ್ಲಿ ಮೂರು ಒಂದೇ ಮನೆಗೆ: ತುಮಕೂರು ದೊಡ್ಡಗೌಡರಿಗೆ (ದೇವೇಗೌಡರಿಗೆ), ಹಾಸನ ಒಬ್ಬ ಮೊಮ್ಮಗ ಪ್ರಜ್ವಲ್‌ಗೆ, ಮಂಡ್ಯ ಇನ್ನೊಬ್ಬ ಮೊಮ್ಮಗ ನಿಖಿಲ್‌ಗೆ. ಉಡುಪಿ-ಚಿಕ್ಕಮಗಳೂರಿಗೆ ಸ್ವಂತ ಅಭ್ಯರ್ಥಿ ಇಲ್ಲದೆ ಕಾಂಗ್ರೆಸ್‌ನ ಪ್ರಮೋದ್ ಮಧ್ವರಾಜ್ ಅವರನ್ನು ತಂದು ಬಿ ಫಾರಂ ಕೊಟ್ಟರು. ಏಳರಲ್ಲಿ ಗೆದ್ದಿದ್ದು ಹಾಸನ ಒಂದೇ. ಹತ್ತಿಪ್ಪತ್ತು ವರ್ಷ ಬ್ಯಾನರ್ ಕಟ್ಟಿದ ಕಾರ್ಯಕರ್ತನಿಗೆ ಇದು ಏನು ಹೇಳಿತು ಅಂತ ಯೋಚಿಸಿ.

ಈಗ 2023ಕ್ಕೆ ಬನ್ನಿ. ಹಾಸನ ಕ್ಷೇತ್ರದ ಟಿಕೆಟ್‌ಗೆ ಗೌಡರ ಸೊಸೆ ಭವಾನಿ ರೇವಣ್ಣ ಪಟ್ಟು ಹಿಡಿದಿದ್ದರು. ಕುಮಾರಣ್ಣ (ಕುಮಾರಸ್ವಾಮಿ) ಸಾಮಾನ್ಯ ಕಾರ್ಯಕರ್ತನಿಗೇ ಕೊಡಬೇಕು ಅಂತ ಹಟ ಹಿಡಿದರು. ತಿಂಗಳುಗಟ್ಟಲೆ ಜಗಳ ನಡೆಯಿತು, ಊರೆಲ್ಲ ಅದೇ ಮಾತು. ಕೊನೆಗೆ ಟಿಕೆಟ್ ಸಿಕ್ಕಿದ್ದು ದಿವಂಗತ ಎಚ್.ಎಸ್. ಪ್ರಕಾಶ್ ಅವರ ಮಗ ಸ್ವರೂಪ್‌ಗೆ. ಬಿಜೆಪಿಯ ಪ್ರೀತಂ ಗೌಡರ ಎದುರು ಅವರು ಗೆದ್ದರು. ಅದೇ ಚುನಾವಣೆಯಲ್ಲಿ ರಾಮನಗರದಲ್ಲಿ ನಿಖಿಲ್ ಸೋತರು, ಹೊಳೆನರಸೀಪುರದಲ್ಲಿ ರೇವಣ್ಣ ಅವರೇ ಸುಮಾರು 3 ಸಾವಿರ ಮತದಲ್ಲಿ ಬಚಾವಾದರು. ಇದಕ್ಕಿಂತ ಸ್ಪಷ್ಟವಾಗಿ ಮತದಾರ ಇನ್ನೇನು ಹೇಳಬೇಕು?

ಆಮೇಲೆ 2024. ಪ್ರಜ್ವಲ್ ವಿಷಯ ನಾನು ಇಲ್ಲಿ ಬಿಡಿಸಿ ಬರೆಯಲ್ಲ. 2025ರ ಆಗಸ್ಟ್‌ನಲ್ಲಿ ಅತ್ಯಾಚಾರ ಪ್ರಕರಣದಲ್ಲಿ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿದೆ, ಎಲ್ಲರಿಗೂ ಗೊತ್ತು. ನನಗೆ ನೋವಾಗೋದು ಬೇರೆ ಕಾರಣಕ್ಕೆ. 2007ರಲ್ಲಿ ಸಾರಾಯಿ ನಿಲ್ಲಿಸಿದ್ದು ಕುಮಾರಸ್ವಾಮಿ ಸರ್ಕಾರ. ಸಂಜೆ ಸಾರಾಯಿ ಅಂಗಡಿ ಮುಂದೆ ಗಂಡನನ್ನು ಎಳೆದುಕೊಂಡು ಬರೋಕೆ ನಿಲ್ಲುತ್ತಿದ್ದ ಹೆಂಗಸರನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಆ ಹೆಂಗಸರು ಅದನ್ನು ಇವತ್ತಿಗೂ ನೆನೆಯುತ್ತಾರೆ. ಅವರ ಮತ ಈ ಪಕ್ಷಕ್ಕೆ ಆಸ್ತಿಯಾಗಿತ್ತು. ಆ ಆಸ್ತಿಯನ್ನು ಕಳೆದವರು ಹೊರಗಿನವರಲ್ಲ.

1999ರಲ್ಲಿ ಹಾಸನದಲ್ಲಿ ದೇವೇಗೌಡರನ್ನು ಸೋಲಿಸಿದ್ದು ಜಿ. ಪುಟ್ಟಸ್ವಾಮಿಗೌಡರು. ಇಪ್ಪತ್ತೈದು ವರ್ಷದ ನಂತರ ಗೌಡರ ಮೊಮ್ಮಗನನ್ನು ಸೋಲಿಸಿದ್ದು ಪುಟ್ಟಸ್ವಾಮಿಗೌಡರ ಮೊಮ್ಮಗ ಶ್ರೇಯಸ್ ಪಟೇಲ್. ನಮ್ಮ ಜಿಲ್ಲೆಯಲ್ಲಿ ಎರಡೂ ಕಡೆ ಮನೆತನವೇ, ಅದೂ ಸತ್ಯ.

ಶಿಂಷಾ ತೀರ (ಮದ್ದೂರು)

ಅಕ್ಕಾ, ನೀವು ಹೇಳಿದ ಸ್ವರೂಪ್ ಉದಾಹರಣೆ ಎಲ್ಲಾ ಕಾರ್ಯಕರ್ತರ ಬಾಯಲ್ಲೂ ಇದೆ.

2023ರ ಶೇಕಡಾವಾರು ಲೆಕ್ಕ ಒಂದು ಹೇಳಬೇಕಿತ್ತು. ಜೆಡಿಎಸ್ 18ರಿಂದ 13ಕ್ಕೆ ಇಳಿಯಿತು. ಕಾಂಗ್ರೆಸ್ 38ರಿಂದ ಸುಮಾರು 43ಕ್ಕೆ ಏರಿತು. ಬಿಜೆಪಿ 36ರಲ್ಲೇ ನಿಂತಿತು, ಆದರೂ 104ರಿಂದ 66ಕ್ಕೆ ಬಿತ್ತು. ಮೇಲ್ನೋಟಕ್ಕೆ ನಮ್ಮ ಐದು ಸೀದಾ ಕೈಗೆ ಹೋಗಿದೆ ಅನ್ನಿಸುತ್ತದೆ. ಪೂರ್ತಿ ಹಾಗಲ್ಲ. ಹಳೇ ಮೈಸೂರು ಭಾಗದಲ್ಲಿ ಬಿಜೆಪಿಗೂ ಮತ ಹೆಚ್ಚಾಗಿದೆ, ಅವರು ಕಳೆದುಕೊಂಡಿದ್ದು ಉತ್ತರದಲ್ಲಿ. ಮಂಡ್ಯದಲ್ಲಿ ನಮ್ಮ ಒಕ್ಕಲಿಗ ಹುಡುಗರು ಒಂದಷ್ಟು ಜನ ಡಿ.ಕೆ. ಶಿವಕುಮಾರ್ ಮುಖ್ಯಮಂತ್ರಿ ಆಗಬಹುದು ಅಂತ ಕೈ ಹಿಡಿದರು, ಇನ್ನೊಂದಷ್ಟು ಜನ ಮೋದಿ ಅಂತ ಕಮಲಕ್ಕೆ ಹೋದರು. ಎರಡೂ ಕಡೆಗೆ ಸೋರಿದೆ.

ನೀಲಸಂದ್ರ ರಸ್ತೆ (ಬೆಂಗಳೂರು)

ಮುಸ್ಲಿಂ ಮತದಾರನಾಗಿ ನನ್ನ ಮಾತೂ ಇರಲಿ.

ನಮ್ಮ ತಂದೆ ಕಡೇವರೆಗೂ ಗೌಡರ ಪಕ್ಷ ಬಿಡಲಿಲ್ಲ. ಕಾರಣ ಒಂದೇ. 1995ರಲ್ಲಿ ಗೌಡರು ಮುಖ್ಯಮಂತ್ರಿ ಆಗಿದ್ದಾಗ ಹಿಂದುಳಿದ ವರ್ಗಗಳ 2ಬಿ ಪ್ರವರ್ಗದ ಅಡಿಯಲ್ಲಿ ನಮಗೆ ಶೇ. 4 ಮೀಸಲಾತಿ ಬಂತು. ನಮ್ಮ ಅಣ್ಣನಿಗೆ ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದು ಅದರಲ್ಲೇ. 2006ರಲ್ಲಿ ಬಿಜೆಪಿ ಜೊತೆ ಹೋದಾಗ ತಂದೆಯವರಿಗೆ ಬಹಳ ಬೇಜಾರಾಯಿತು, ಆದರೂ ಮತ ಬದಲಿಸಲಿಲ್ಲ.

2023ರ ಮಾರ್ಚ್‌ನಲ್ಲಿ ಬೊಮ್ಮಾಯಿ ಸರ್ಕಾರ ಆ 4 ಶೇಕಡಾ ರದ್ದು ಮಾಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಆ ರದ್ದತಿ ಜಾರಿಯಾಗದೆ ನಿಂತಿತು, ಅದು ಬೇರೆ ಮಾತು. ಚುನಾವಣೆ ಎದುರಿಗಿತ್ತು. ನಮ್ಮ ಬೀದಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ: ಬಿಜೆಪಿಯನ್ನು ಇಳಿಸೋ ಶಕ್ತಿ ಯಾರಿಗಿದೆ? ಅತಂತ್ರ ಬಂದರೆ ಜೆಡಿಎಸ್ ಯಾವ ಕಡೆ ಹೋಗುತ್ತದೆ ಅಂತ ಯಾರಿಗೂ ಭರವಸೆ ಇರಲಿಲ್ಲ. ಸಿ.ಎಂ. ಇಬ್ರಾಹಿಂ ಅವರನ್ನು ರಾಜ್ಯಾಧ್ಯಕ್ಷ ಮಾಡಿದ್ದರೂ ಆ ಅನುಮಾನ ಹೋಗಲಿಲ್ಲ. ಚುನಾವಣೆ ಮುಗಿದು ನಾಲ್ಕೇ ತಿಂಗಳಿಗೆ, ಸೆಪ್ಟೆಂಬರ್‌ನಲ್ಲಿ ಪಕ್ಷ ಎನ್‌ಡಿಎ ಸೇರಿತು. ವಿರೋಧಿಸಿದ ಇಬ್ರಾಹಿಂ ಅವರನ್ನು ಅಕ್ಟೋಬರ್‌ನಲ್ಲಿ ತೆಗೆದರು.

ಇದೇ ಪಕ್ಷದ ಕೇರಳ ಘಟಕ ನೋಡಿ. ಇಲ್ಲಿ ಎನ್‌ಡಿಎ ಅಂದಮೇಲೂ ಅಲ್ಲಿನವರು ಎಡರಂಗದ ಜೊತೆಗೇ ಉಳಿದರು. ಅವರಿಗೆ ತಮ್ಮ ಮತದಾರ ಯಾರು ಅಂತ ಗೊತ್ತಿತ್ತು. ನಾನು ಬಿಜೆಪಿ ಜೊತೆ ಹೋಗಿದ್ದು ತಪ್ಪೋ ಸರಿಯೋ ಅಂತ ವಾದಕ್ಕೆ ಇಳಿಯುತ್ತಿಲ್ಲ. ನಮ್ಮ ಮತ ಇನ್ನು ವಾಪಸ್ ಬರೋದು ಕಷ್ಟ. ಅಷ್ಟು ಹೇಳಬೇಕಿತ್ತು.

ತೆಂಗಿನ ಗರಿ (ತುರುವೇಕೆರೆ)

ಎಲ್ಲರೂ ಮೈತ್ರಿಯನ್ನು ಬೈಯುತ್ತಿದ್ದೀರಿ. ನಾನು ಸ್ವಲ್ಪ ಬೇರೆ ಹೇಳುತ್ತೇನೆ.

2019ರಲ್ಲಿ ಕಾಂಗ್ರೆಸ್ ಮೈತ್ರಿ ಕೆಲಸ ಮಾಡಲಿಲ್ಲ ಅನ್ನೋದಕ್ಕೆ ನಮ್ಮ ತುಮಕೂರಿಗಿಂತ ಸಾಕ್ಷಿ ಬೇಡ. ಹಾಲಿ ಸಂಸದರಾಗಿದ್ದ ಕಾಂಗ್ರೆಸ್‌ನ ಮುದ್ದಹನುಮೇಗೌಡರಿಗೆ ಸೀಟು ತಪ್ಪಿಸಿ ಮಾಜಿ ಪ್ರಧಾನಿಯನ್ನು ನಿಲ್ಲಿಸಿದರು. 13 ಸಾವಿರ ಚಿಲ್ಲರೆ ಮತದಲ್ಲಿ ಅವರು ಸೋತರು. ಹೇಮಾವತಿ ನೀರಿನ ಸಿಟ್ಟು ನಮ್ಮ ಜಿಲ್ಲೆಯಲ್ಲಿ ಎಷ್ಟಿದೆ ಅಂತ ಹಾಸನದವರಿಗೆ ಹೇಳಬೇಕಾಗಿಲ್ಲ. ಆ ಸಿಟ್ಟೂ ಸೇರಿತು.

ಬಿಜೆಪಿ ಮೈತ್ರಿ ಹಾಗಲ್ಲ. 2024ರಲ್ಲಿ ಸಿಕ್ಕಿದ್ದು ಮೂರೇ ಸೀಟು, ಎರಡು ಗೆದ್ದರು. ಒಂದು ವರ್ಷದ ಹಿಂದೆ ಒಂದೇ ಶಾಸಕ ಕೊಟ್ಟ ಮಂಡ್ಯದಲ್ಲಿ ಕುಮಾರಣ್ಣ 2.84 ಲಕ್ಷ ಅಂತರದಲ್ಲಿ ಗೆದ್ದರು. ಕೋಲಾರ ಬಂತು. ಬೆಂಗಳೂರು ಗ್ರಾಮಾಂತರದಲ್ಲಿ ಗೌಡರ ಅಳಿಯ ಡಾ. ಮಂಜುನಾಥ್ ಕಮಲದ ಗುರುತಿನಲ್ಲಿ ಡಿ.ಕೆ. ಸುರೇಶ್ ಅವರನ್ನು ಸೋಲಿಸಿದರು. ಕಮಲ ಮತ್ತು ತೆನೆ ಮತ ಒಂದಾದರೆ ಹಳೇ ಮೈಸೂರಿನಲ್ಲಿ ಕಾಂಗ್ರೆಸ್‌ಗೆ ಜಾಗ ಇಲ್ಲ. ಕಾರಣ ಶಿಂಷಾ ಅವರೇ ಹೇಳಿದ್ದಾರೆ, ನಮ್ಮ ಹಳ್ಳಿಗಳಲ್ಲಿ ಎದುರಾಳಿ ಕಾಂಗ್ರೆಸ್. ಬಿಜೆಪಿಯವರ ಜೊತೆ ಡೇರಿ ಜಗಳ ಇಲ್ಲ.

ಕುಕ್ಕರಹಳ್ಳಿ ಕೆರೆ (ಮೈಸೂರು)

ತುರುವೇಕೆರೆಯವರೇ, ಆರು ತಿಂಗಳಲ್ಲಿ ಚನ್ನಪಟ್ಟಣ ಏನಾಯಿತು? 2024ರ ನವೆಂಬರ್. ಕುಮಾರಸ್ವಾಮಿ ಅವರು ಎರಡು ಸಲ ಗೆದ್ದು ಬಿಟ್ಟುಕೊಟ್ಟ ಕ್ಷೇತ್ರ, ಕೇಂದ್ರದಲ್ಲಿ ಮಂತ್ರಿಗಿರಿ ಬೇರೆ ಇದೆ, ಜೊತೆಗೆ ಬಿಜೆಪಿ ಇದೆ. ಟಿಕೆಟ್ ನಿಖಿಲ್‌ಗೆ ಹೋಯಿತು. ಟಿಕೆಟ್ ಕಾಯುತ್ತಿದ್ದ ಬಿಜೆಪಿಯ ಯೋಗೇಶ್ವರ್ ಕಾಂಗ್ರೆಸ್ ಸೇರಿ 25 ಸಾವಿರ ಮತದಲ್ಲಿ ಗೆದ್ದರು. ಮಂಡ್ಯ, ರಾಮನಗರ, ಚನ್ನಪಟ್ಟಣ, ನಿಖಿಲ್‌ಗೆ ಮೂರನೇ ಸೋಲು.

ಲೋಕಸಭೆಯಲ್ಲಿ ಕೂಡುವ ಮತ ವಿಧಾನಸಭೆಯಲ್ಲಿ ಕೂಡಲ್ಲ. ಅಲ್ಲಿ ಮೋದಿ ಅಥವಾ ಕುಮಾರಣ್ಣ ಅಂತ ಒಂದು ಹೆಸರು ಸಾಕು. ಇಲ್ಲಿ ಒಂದೊಂದು ಕ್ಷೇತ್ರಕ್ಕೂ ಎರಡೂ ಪಕ್ಷದಲ್ಲಿ ಟಿಕೆಟ್ ಆಕಾಂಕ್ಷಿ ಇದ್ದಾನೆ. ಒಬ್ಬನಿಗೆ ಕೊಟ್ಟರೆ ಇನ್ನೊಬ್ಬ ಕಾಂಗ್ರೆಸ್ ಬಾಗಿಲು ತಟ್ಟುತ್ತಾನೆ. 2028ರಲ್ಲಿ ಹಾಸನದಿಂದ ಕೋಲಾರದವರೆಗೆ ಎಷ್ಟು ಚನ್ನಪಟ್ಟಣ ಆಗಬಹುದು ಅಂತ ಎಣಿಸಿ ನೋಡಿ.

ಚಾರ್ಮಿನಾರ್ ಕನ್ನಡಿಗ (ಹೈದರಾಬಾದ್)

ಹೊರಗಿನಿಂದ ನೋಡುವವನಾಗಿ ಒಂದು ಹೋಲಿಕೆ. ಆಂಧ್ರದಲ್ಲಿ ತೆಲುಗು ದೇಶಂ 2019ರಲ್ಲಿ 23ಕ್ಕೆ ಇಳಿದಾಗಲೂ ಇಲ್ಲಿ ಇದೇ ಮಾತು ಕೇಳಿದ್ದೆ, ಕಥೆ ಮುಗಿಯಿತು ಅಂತ. 2024ರಲ್ಲಿ ಬಿಜೆಪಿ, ಜನಸೇನಾ ಜೊತೆ ಸೇರಿ 135 ತಂದರು. ಅಸ್ಸಾಂ ಗಣ ಪರಿಷತ್ತೂ ಬಿಜೆಪಿ ಜೊತೆಗೇ ಇದೆ. ಎರಡು ಸಲ ರಾಜ್ಯ ಆಳಿದ ಪಕ್ಷ 2016ರಲ್ಲಿ 14, 2021ರಲ್ಲಿ 9. ವ್ಯತ್ಯಾಸ ಎಲ್ಲಿದೆ ನೋಡಿ. ಮೈತ್ರಿಯಲ್ಲಿ ಸೀಟು ಹಂಚುವವರು ಯಾರು, ಕೇಳಿ ತೆಗೆದುಕೊಳ್ಳುವವರು ಯಾರು ಅನ್ನೋದರಲ್ಲಿ. ಆಂಧ್ರದಲ್ಲಿ ಹಂಚಿದ್ದು ಚಂದ್ರಬಾಬು. ಕರ್ನಾಟಕದಲ್ಲಿ ಹಂಚೋದು ಬಿಜೆಪಿ.

ಆದರೂ ಕರ್ನಾಟಕದ ಬೇರೆ ಪ್ರಾದೇಶಿಕ ಪಕ್ಷಗಳ ಜೊತೆ ಇಟ್ಟು ನೋಡಿದರೆ ಜೆಡಿಎಸ್ ಸಾಧನೆ ಸಣ್ಣದಲ್ಲ. ಬಂಗಾರಪ್ಪನವರ ಪಕ್ಷ, ಯಡಿಯೂರಪ್ಪನವರ ಕೆಜೆಪಿ, ಶ್ರೀರಾಮುಲು ಪಕ್ಷ, ಎಲ್ಲವೂ ಒಂದೊಂದು ಚುನಾವಣೆಗೆ ಬಂದು ಹೋದವು. ಕೆಜೆಪಿ 2013ರಲ್ಲಿ ಸುಮಾರು ಶೇ. 10 ಮತ ತಗೊಂಡರೂ ಗೆದ್ದಿದ್ದು 6, ಮುಂದಿನ ವರ್ಷ ಬಿಜೆಪಿಯಲ್ಲಿ ವಿಲೀನ. ಕಾಲು ಶತಮಾನ ಉಳಿದಿದ್ದು ಇದೊಂದೇ. ಅದು ಹೋದರೆ ಎರಡು ರಾಷ್ಟ್ರೀಯ ಪಕ್ಷಗಳ ಬಾಗಿಲು ಬಿಟ್ಟರೆ ಕನ್ನಡಿಗನಿಗೆ ಬೇರೆ ಬಾಗಿಲೇ ಇರಲ್ಲ. ಕಾವೇರಿ, ಮಹದಾಯಿ ಅಂತ ಬಂದಾಗ ಹೈಕಮಾಂಡ್ ಕೇಳದೆ ಮಾತಾಡೋರು ಒಬ್ಬರು ಬೇಕು.

ಶಿಂಷಾ ತೀರ (ಮದ್ದೂರು)

ಹೈದರಾಬಾದಿನ ಅಣ್ಣ ಹೇಳಿದ ಕೊನೆಯ ಮಾತಿಗೇ ನಾನು ಈ ಚರ್ಚೆ ಶುರು ಮಾಡಿದ್ದು.

ನನಗೆ ಅನ್ನಿಸೋದು, 2028ರ ಸೀಟು ಹಂಚಿಕೆಗಿಂತ ಮುಂಚೆ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ವಿಷಯ ಇದೆ. ಕೊನೆಯ ಸಲ ನಡೆದಿದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿಯಿತು, ಸಮಯಕ್ಕೆ ಚುನಾವಣೆ ನಡೆಯಲಿಲ್ಲ. ಇದರಿಂದ ಎಲ್ಲಾ ಪಕ್ಷಕ್ಕೂ ನಷ್ಟ, ಆದರೆ ಜೆಡಿಎಸ್‌ಗೆ ಬಿದ್ದ ಪೆಟ್ಟು ದೊಡ್ಡದು. ಬಿಜೆಪಿಗೆ ಆರೆಸ್ಸೆಸ್ ಇದೆ, ಕಾಂಗ್ರೆಸ್‌ಗೆ ಅಧಿಕಾರ ಇದೆ. ನಮ್ಮ ಪಕ್ಷದಲ್ಲಿ ಮನೆತನದ ಹೊರಗಿನ ಹುಡುಗ ಬೆಳೆಯೋಕೆ ಇದ್ದ ಏಣಿ ಜಿಲ್ಲಾ ಪಂಚಾಯ್ತಿ ಒಂದೇ. ಅಲ್ಲಿ ಸದಸ್ಯನಾಗಿ, ಅಧ್ಯಕ್ಷನಾಗಿ, ಆಮೇಲೆ ವಿಧಾನಸಭೆ ಟಿಕೆಟ್ ಕೇಳುತ್ತಿದ್ದ. ಸ್ವರೂಪ್ ಕೂಡ ಜಿಲ್ಲಾ ಪಂಚಾಯ್ತಿಯಿಂದಲೇ ಬಂದವರು. ನಮ್ಮ ಹೋಬಳಿಯಲ್ಲಿ ಆ ಏಣಿಗೆ ಕಾಯುತ್ತಿದ್ದ ಇಬ್ಬರು ಒಳ್ಳೆ ಹುಡುಗರು ಈಗ ಕಾಂಗ್ರೆಸ್‌ನಲ್ಲಿದ್ದಾರೆ. ಕರೆದರೆ ವಾಪಸ್ ಬರುತ್ತಾರೆ, ಕರೆಯೋರು ಬೇಕು.

ಈ ಜಿಲ್ಲಾ, ತಾಲ್ಲೂಕು ಪಂಚಾಯ್ತಿ ಚುನಾವಣೆಯಲ್ಲಿ ಬಿಜೆಪಿ ಜೊತೆ ಸೀಟು ಹಂಚಿಕೊಳ್ಳದೆ ತೆನೆ ಗುರುತಿನಲ್ಲಿ ಒಂಟಿಯಾಗಿ ನಿಲ್ಲಬೇಕು. ಸೋತರೂ ಪರವಾಗಿಲ್ಲ. ಬೂತ್‌ನಲ್ಲಿ ನಮ್ಮ ಆಳು ಇದ್ದಾನೋ ಇಲ್ಲವೋ ಅಂತಾದರೂ ಗೊತ್ತಾಗುತ್ತದೆ.

ಎಡದಂಡೆ ಕಾಲುವೆ (ರಾಯಚೂರು)

ಶಿಂಷಾ ಅಣ್ಣನ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ನಮ್ಮ ಕಡೆ ಒಂಟಿಯಾಗಿ ನಿಂತರೆ ಮಾತ್ರ ಉಳಿಗಾಲ. ದೇವದುರ್ಗದಲ್ಲಿ ಕರೆಮ್ಮ ಸೋಲಿಸಿದ್ದೇ ಬಿಜೆಪಿಯ ಶಿವನಗೌಡ ನಾಯಕರನ್ನು. ಈಗ ಅವರಿಬ್ಬರ ಹಿಂದಿನ ಜನ ಒಂದೇ ವೇದಿಕೆಗೆ ಬರಬೇಕು ಅಂದರೆ ಮಂಡ್ಯದ 2019ರ ಗಾಡಿ ಕಥೆಯೇ ಇಲ್ಲೂ ಆಗೋದು. ಇಡೀ ರಾಜ್ಯಕ್ಕೆ ಒಂದೇ ಮೈತ್ರಿ ಸೂತ್ರ ಅಂತ ಬೆಂಗಳೂರಿನಲ್ಲಿ ಕೂತು ಬರೆದರೆ ನಮ್ಮ ನಾಲ್ಕು ಸೀಟೂ ಹೋಗುತ್ತವೆ.

ಮಲೆನಾಡ ಅಂಚು (ಹಾಸನ)

ಒಂದು ಸೇರಿಸಿ. ಪಂಚಾಯ್ತಿಗಳಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಮೀಸಲು. ನಮ್ಮ ತಾಲ್ಲೂಕಿನಲ್ಲಿ ಸ್ತ್ರೀಶಕ್ತಿ ಸಂಘ ನಡೆಸಿ, ಬ್ಯಾಂಕಿಗೆ ಓಡಾಡಿ, ಹತ್ತು ಜನರ ಮುಂದೆ ನಿಂತು ಮಾತಾಡೋಕೆ ಕಲಿತ ಹೆಂಗಸರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಯಾರ ಗಂಡನೂ ಪಕ್ಷದ ಮುಖಂಡ ಅಲ್ಲ. ಚುನಾವಣೆ ಯಾವಾಗ ನಡೆಯುತ್ತದೋ ಆವಾಗ ಮಹಿಳಾ ಮೀಸಲು ಸೀಟಿನ ಬಿ ಫಾರಂ ಇವರ ಕೈಗೆ ಬರುತ್ತದೋ, ಮುಖಂಡರ ಮನೆಯ ಹೆಂಗಸರ ಕೈಗೆ ಹೋಗುತ್ತದೋ? ನಾನು ತೆನೆಗೆ ಮತ ಹಾಕೋದು ಬಿಡೋದು ಅದರ ಮೇಲೆ.